ದಾಟಿಸುವುದಕ್ಕಿಂತ ಕಾದು ಕೂರುವುದೇ ದುಬಾರಿ

ಪ್ರಶ್ನೆ: ಮಣ್ಣಿನ ತೇವ ಅಳೆಯಲು ವೈರ್‌ಲೆಸ್ ಸೆನ್ಸರ್ ಜಾಲ ಕಟ್ಟಿದ್ದೇವೆ. ಪ್ರತಿ ನೋಡ್‌ನಲ್ಲಿ (ಜಾಲದ ಒಂದೊಂದು ಸೆನ್ಸರ್ ಪೆಟ್ಟಿಗೆ) ಸಿಸಿ2420 ರೇಡಿಯೊ, ಎರಡು ಎಎ ಸೆಲ್. ಡೇಟಾವನ್ನು ದೂರಕ್ಕೆ ನೇರವಾಗಿ ಕಳಿಸುವ ಬದಲು ನೋಡ್‌ನಿಂದ ನೋಡ್‌ಗೆ ದಾಟಿಸಿದರೆ ಚಾರ್ಜ್ ಉಳಿಯುತ್ತದೆ ಎಂದು ಓದಿ ಹಾಗೇ ಮಾಡಿದೆವು. ವಾರ ತುಂಬುವ ಮೊದಲೇ ಎಲ್ಲ ಸೆಲ್ ಖಾಲಿ! ಎಲ್ಲಿ ತಪ್ಪಿದೆವು?

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಅರ್ಧ ಮಾತ್ರ. 2000ರಲ್ಲಿ ಎಂಐಟಿಯ ವೆಂಡಿ ಹೈನ್ಜಲ್‌ಮನ್ ಮತ್ತು ಜೊತೆಗಾರರು ಸೆನ್ಸರ್ ಜಾಲದಲ್ಲಿ ಚಾರ್ಜ್ ಉಳಿಸುವ ಲೀಚ್ ವಿಧಾನಕ್ಕೆ ಬಳಸಿದ ಲೆಕ್ಕ ನೋಡಿ. ಒಂದು ಬಿಟ್ ಕಳಿಸಲು, ಪಡೆಯಲು ರೇಡಿಯೊ ಸರ್ಕ್ಯೂಟ್‌ಗೆ ತಲಾ 50 ನ್ಯಾನೊಜೂಲ್ (ಶಕ್ತಿಯ ಅತಿ ಚಿಕ್ಕ ಅಳತೆ) ಬೇಕು. ಕಳಿಸುವಾಗ ಅದರ ಮೇಲೆ ದೂರದ ವರ್ಗಕ್ಕೆ ತಕ್ಕಷ್ಟು ಖರ್ಚು. ಹಾಗಾಗಿ, ಕೊನೆಯಲ್ಲಿ ಪಡೆಯುವ ಖರ್ಚು ಬಿಟ್ಟು, 100 ಮೀಟರ್ ನೇರವಾಗಿ ಕಳಿಸಿದರೆ 1050 ನ್ಯಾನೊಜೂಲ್, ನಡುವೆ ಒಂದು ನೋಡ್ ಇಟ್ಟು ದಾಟಿಸಿದರೆ 650. ಆದರೆ 20 ಮೀಟರಿಗೆ ನೇರವಾಗಿ 90, ದಾಟಿಸಿದರೆ 170! ಹತ್ತಿರದಲ್ಲೇ ಇದ್ದರೆ ನಡುವಿನ ನೋಡ್ ಸುಮ್ನೆ ಹೊರೆ.

ಆದರೆ ನಿಮ್ಮ ಸೆಲ್ ತಿಂದಿದ್ದು ಇದಲ್ಲ. ಈ ಲೆಕ್ಕದಲ್ಲಿ ಕಾಯುವ ಖರ್ಚೇ ಇಲ್ಲ. ನಿಮ್ಮ ರೇಡಿಯೊ ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ 17.4 ಮಿಲಿಆಂಪಿಯರ್ ಎಳೆಯುತ್ತದೆ. ಕೇಳುವಾಗ 18.8! ಯಾರೂ ಮಾತಾಡದಿದ್ದರೂ ಅಷ್ಟೇ. 2500 ಮಿಲಿಆಂಪಿಯರ್-ಗಂಟೆಯ ಸೆಲ್ ಅಂತ ಇಟ್ಟುಕೊಂಡರೆ 133 ಗಂಟೆ, ಅಂದರೆ ಐದೂವರೆ ದಿನ. ನಿಮ್ಮ ಅನುಭವಕ್ಕೆ ಸರಿಹೊಂದುತ್ತದೆ, ಅಲ್ವಾ?

ರೇಡಿಯೊವನ್ನು ಮಲಗಿಸಿ. ಆಗಾಗ ಕೆಲವು ಮಿಲಿಸೆಕೆಂಡ್ ಎದ್ದು, ಕರೆ ಇದೆಯೇ ಎಂದು ನೋಡಿ ಮತ್ತೆ ಮಲಗಲಿ. ಕಳಿಸುವ ನೋಡ್, ಎದುರಿನದು ಏಳುವ ತನಕ ಚಿಕ್ಕ ಚಿಕ್ಕ ಕರೆ ಕೊಡುತ್ತಿರಲಿ. ಎಕ್ಸ್-ಮ್ಯಾಕ್ ಎಂಬ ರೇಡಿಯೊ ನಿಯಮಾವಳಿ ಮಾಡುವುದು ಇದನ್ನೇ. ಡೇಟಾ ಸ್ವಲ್ಪ ತಡವಾಗುತ್ತದೆ, ಮಣ್ಣಿನ ತೇವಕ್ಕೆ ಅದರಿಂದ ತೊಂದರೆಯಿಲ್ಲ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ರೇಡಿಯೊದ ಸರಾಸರಿ ಖರ್ಚು ನೂರರಲ್ಲೊಂದಕ್ಕೆ ಇಳಿಯುತ್ತದೆ.

ಆಮೇಲೆ ಇನ್ನೊಂದು ತೊಂದರೆ ಕಾಣುತ್ತದೆ: ಗೇಟ್‌ವೇ (ಎಲ್ಲ ಡೇಟಾ ಬಂದು ಸೇರುವ ಕೇಂದ್ರ) ಪಕ್ಕದ ನೋಡ್‌ಗಳು ಬೇಗ ಸಾಯುತ್ತವೆ. ಹತ್ತು ನೋಡ್‌ಗಳ ಸಾಲಿನಲ್ಲಿ ಗೇಟ್‌ವೇಗೆ ತೀರಾ ಹತ್ತಿರದ್ದು ತನ್ನದೊಂದು ಪ್ಯಾಕೆಟ್ ಜೊತೆ ಉಳಿದ ಒಂಬತ್ತನ್ನೂ ಹೊರಬೇಕು. ಅಳತೆ ಬದಲಾಗದಿದ್ದರೆ ಕಳಿಸಲೇಬೇಡಿ. ಹಲವು ಅಳತೆಗಳನ್ನು ಒಂದೇ ಪ್ಯಾಕೆಟ್‌ಗೆ ತುಂಬಿ. ಗೇಟ್‌ವೇ ಬಳಿ ಒಂದೆರಡು ನೋಡ್ ಜಾಸ್ತಿ ಹಾಕಿ, ಚಾರ್ಜ್ ಹೆಚ್ಚಿರುವುದರ ಮೂಲಕ ದಾಟಿಸಿ. ಲಿಂಕ್ ಗುಣಮಟ್ಟವನ್ನೂ ನೋಡಿ: ಅರ್ಧ ಪ್ಯಾಕೆಟ್ ಕಳೆದುಹೋಗುವ ದಾರಿಯಲ್ಲಿ ಪ್ರತಿಯೊಂದನ್ನೂ ಸರಾಸರಿ ಎರಡು ಸಲ ಕಳಿಸಬೇಕಾಗುತ್ತದೆ.

ಮೊದಲು ಮಲಗಿದ ನೋಡ್‌ನ ಕರೆಂಟ್ ಅಳೆಯಿರಿ. ಮೀಟರ್ ಇನ್ನೂ ಮಿಲಿಆಂಪಿಯರ್‌ಗಳಲ್ಲೇ ತೋರಿಸಿದರೆ ರೇಡಿಯೊ, ಪ್ರೊಸೆಸರ್ ಅಥವಾ ಸೆನ್ಸರ್, ಯಾವುದೋ ಒಂದು ಎಚ್ಚರವಾಗಿಯೇ ಇದೆ.