ಹೊಗಳಿಕೆಗೊಂದು ತೆಗಳಿಕೆ ಸೇರಿಸಿದರೆ ಸರಿಹೋಗಲ್ಲ

ರಾಜಕಾರಣಿಗಳ ವಿಕಿಪೀಡಿಯ ಪುಟಗಳ ಬಗ್ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಶಾಸಕರ ಪುಟದಲ್ಲಿ ‘ಬಡವರ ಬಂಧು’, ‘ಅಭಿವೃದ್ಧಿಯ ಹರಿಕಾರ’ ಅಂತೆಲ್ಲ ಇದೆ. ಅವರ ಮೇಲಿನ ಆರೋಪಗಳನ್ನೂ ಅಷ್ಟೇ ಉದ್ದ ಬರೆದರೆ ಪುಟ ತಟಸ್ಥ ಆಗುತ್ತೆ ಅಲ್ವಾ? (ರಾಜಾಜಿನಗರದ ಓದುಗರು)

ಆಗಲ್ಲ. ಎರಡೂ ಕಡೆಗೆ ಸಮ ಸಮ ಹಂಚಬೇಕು ಅನ್ನುವುದನ್ನು ಯಾರು ಹಬ್ಬಿಸಿದರೋ! ನಂಬಬಹುದಾದ ಮೂಲಗಳು ಯಾವ ವಿಷಯಕ್ಕೆ ಎಷ್ಟು ತೂಕ ಕೊಟ್ಟಿವೆಯೋ, ಪುಟದಲ್ಲೂ ಅಷ್ಟೇ ಇರಬೇಕು. ಮೊದಲು ಆ ಬಿರುದುಗಳನ್ನು ಅಳಿಸಿ. ಆಮೇಲೆ ಅವರು ಏನು ಮಾಡಿದರು ಅಂತ ಬರೆಯಿರಿ.

ದೇವರಾಜ ಅರಸು ಅವರನ್ನೇ ನೋಡಿ. ‘ಹಿಂದುಳಿದವರ ಉದ್ಧಾರಕ’ ಅಂತ ವಿಕಿಪೀಡಿಯ ಹೇಳಬೇಕಾಗಿಲ್ಲ. ಅವರ ಸರ್ಕಾರ 1972ರಲ್ಲಿ ಹಿಂದುಳಿದ ವರ್ಗಗಳ ಸ್ಥಿತಿ ಅಧ್ಯಯನಕ್ಕೆ ಹಾವನೂರು ಆಯೋಗ ನೇಮಿಸಿತು, 1975ರಲ್ಲಿ ಅದರ ವರದಿ ಬಂತು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಉಳುವ ನೆಲದ ಹಕ್ಕು ಕೊಟ್ಟಿತು. ಇಷ್ಟು ಓದಿದವರಿಗೆ ಬಿರುದು ಯಾಕೆ ಬೇಕು? ಅದೇ ಪುಟದಲ್ಲಿ, ಅವರ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರ 1977ರಲ್ಲಿ ಗ್ರೋವರ್ ಆಯೋಗ ನೇಮಿಸಿದ್ದೂ ಇರಬೇಕು. ರಾಜ್ಯ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದೂ ಇರಬೇಕು. ಜೈಕಾರವೂ ಬೇಡ, ಬೈಗುಳವೂ ಬೇಡ.

ಬದುಕಿರುವವರ ಪುಟವಾದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ಎಫ್‌ಐಆರ್ ಬೇರೆ, ಚಾರ್ಜ್‌ಶೀಟ್ ಬೇರೆ, ಶಿಕ್ಷೆ ಬೇರೆ. ‘ಹಗರಣದಲ್ಲಿ ಸಿಕ್ಕಿಬಿದ್ದರು’ ಅಂತ ಬರೆದು ಮೂರನ್ನೂ ಕಲಸಿಬಿಡಬೇಡಿ. ದೂರು ಕೊಟ್ಟವರು ಯಾರು, ಯಾವಾಗ, ಕೇಸು ಈಗ ಯಾವ ಹಂತದಲ್ಲಿದೆ, ಅಷ್ಟು ಹೇಳಿ. ಖುಲಾಸೆ ಆಗಿದ್ದರೆ ಅದೇ ಪ್ಯಾರಾದಲ್ಲಿ ಬರಲಿ, ಕೊನೆಯಲ್ಲೆಲ್ಲೋ ಅಲ್ಲ. ಮೂಲವೇ ಇಲ್ಲದ ಆರೋಪ ಕಂಡರೆ ಚರ್ಚೆಗೆ ಕಾಯದೆ ತೆಗೆಯಿರಿ. ಒಂದೇ ಪತ್ರಿಕೆಯಲ್ಲಿ ಬಂದ ಆರೋಪವನ್ನು ನಾನಂತೂ ಮುಟ್ಟುವುದಿಲ್ಲ, ಇನ್ನೊಂದರಲ್ಲಿ ಬರುವವರೆಗೆ ಕಾಯುತ್ತೇನೆ. ಚುನಾವಣಾ ಅಫಿಡವಿಟ್ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ‘ಆಸ್ತಿ ಅನುಮಾನ ಬರುವಂತೆ ಬೆಳೆದಿದೆ’ ಅಂತ ಬರೆಯುವುದೂ ತಪ್ಪು. ಅದು ನಿಮ್ಮ ಸ್ವಂತ ಸಂಶೋಧನೆ, ವಿಕಿಪೀಡಿಯದಲ್ಲಿ ಅದಕ್ಕೆ ಜಾಗವಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ‘ವಿವಾದಗಳು’ ಭಾಗವನ್ನೇ ತೆಗೆಸಿಕೊಡ್ತೀವಿ ಅಂತ ಒಂದು ಏಜೆನ್ಸಿಯವರು ಹೇಳ್ತಿದ್ದಾರೆ. ನಂಬಬಹುದಾ?

ಶುದ್ಧ ಮೋಸ. ತೆಗೆದದ್ದು ಪುಟದ ‘ಇತಿಹಾಸ’ದಲ್ಲಿ ಉಳಿದೇ ಇರುತ್ತದೆ, ಮತ್ತೊಬ್ಬರು ಕ್ಷಣದಲ್ಲಿ ವಾಪಸ್ ತರುತ್ತಾರೆ. ಹಣ ಪಡೆದು ತಿದ್ದುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು ಅಂತ 2014ರಿಂದಲೇ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮವಿದೆ. ಇಂಥವರು ಅದನ್ನು ಬಾಯಿಬಿಡುವುದೇ ಇಲ್ಲ. ನಿಮ್ಮ ದುಡ್ಡೂ ಹೋಗುತ್ತೆ, ನಿಮ್ಮ ನಾಯಕರ ಮರ್ಯಾದೆಯೂ ಹೋಗುತ್ತೆ.

ಪ್ರಶ್ನೆ: ನಾನು ಶಾಸಕರ ಕಚೇರಿಯಲ್ಲೇ ಇದ್ದೇನೆ. ಪುಟ ತಿದ್ದಬಹುದಾ?

ಬೇಡ. ಪ್ರತಿ ಪುಟದ ಜೊತೆಗೂ ಇರುವ ಚರ್ಚೆ ಪುಟದಲ್ಲಿ ನೀವು ಯಾರು ಅಂತ ಹೇಳಿ, ಮೂಲ ಕೊಟ್ಟು, ತಿದ್ದಿ ಅಂತ ಕೇಳಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಫಾರ್ವರ್ಡ್ ಮೂಲ ಆಗುತ್ತಾ?

ಇಲ್ಲ. ಪಕ್ಷದ ಕರಪತ್ರವೂ ಆಗಲ್ಲ.