ಜಾನ್ ವೆಟನ್ ಯಾಕೆ ಅಷ್ಟೊಂದು ಬ್ಯಾಂಡ್‌ಗಳಲ್ಲಿ ಬೇಸ್ ನುಡಿಸಿದರು?

ನಿಮ್ಮ ಪ್ರಶ್ನೆ ಇದು: ಕಿಂಗ್ ಕ್ರಿಮ್ಸನ್, ಯೂರಾಯ ಹೀಪ್, ಏಷ್ಯಾ, ಯಾವ ಹಳೇ ರಾಕ್ ಆಲ್ಬಮ್ ತೆಗೆದರೂ ಬೇಸ್ ಗಿಟಾರ್ ಅಂತ ಇರುವ ಕಡೆ ಜಾನ್ ವೆಟನ್ ಹೆಸರೇ ಕಾಣುತ್ತದೆ. ಅವರು ಎಲ್ಲೂ ನೆಲೆ ನಿಲ್ಲದವರಾ, ಅಥವಾ ಬೇರೆ ಕಾರಣ ಇತ್ತಾ? ಕೇಳೋದಕ್ಕೆ ಎಲ್ಲಿಂದ ಶುರು ಮಾಡಲಿ?

ಬೇಸ್ ನುಡಿಸುವ ಕೆಲಸ ಅವರಿಗೆ ಎಲ್ಲಿ ಹೋದರೂ ಸಿಗುತ್ತಿತ್ತು. ಆದರೆ ತಾವು ಬರೆದ ಹಾಡನ್ನು ತಾವೇ ಹಾಡುವಂಥ ಬ್ಯಾಂಡ್ ಅವರಿಗೆ ಬೇಕಿತ್ತು. ಅದು ಕೈಗೆ ಸಿಗೋದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟು ಬ್ಯಾಂಡ್‌ಗಳು ಬಂದದ್ದು ಹಾಗೆ. ನಾನೂ ಬೇಸ್ ನುಡಿಸುತ್ತೇನೆ, ವೆಟನ್ ಅಂದರೆ ನನಗೆ ಪ್ರಾಣ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವೆಟನ್ ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ. ಬೆಳೆದದ್ದು ದಕ್ಷಿಣದ ಕಡಲ ತೀರದ ಊರು ಬೋರ್ನ್‌ಮತ್‌ನಲ್ಲಿ. ಅವರ ಅಣ್ಣ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಮನೆಯಲ್ಲಿ ಅಣ್ಣ ಅಭ್ಯಾಸಕ್ಕೆ ಕೂತಾಗ ಪಿಯಾನೋದ ಕೆಳಸ್ಥಾಯಿಯ ಭಾಗ ನುಡಿಸಿಕೊಡುವುದು ತಮ್ಮನ ಪಾಲಿಗೆ ಬರುತ್ತಿತ್ತು. ಈ ವಿಷಯ ಗೊತ್ತಾದ ಮೇಲೆ ಅವರ ಬೇಸ್ ನನಗೆ ಬೇರೆ ಥರವೇ ಕೇಳಿಸತೊಡಗಿತು. ಸುಮಾರು ಬೇಸಿಸ್ಟ್‌ಗಳು ಡ್ರಮ್ಮಿನ ಬೆನ್ನು ಹತ್ತಿ ಹೋಗುತ್ತಾರೆ. ವೆಟನ್ ಬೇಸ್ ಹಾಗಲ್ಲ, ಅದಕ್ಕೆ ತನ್ನದೇ ಒಂದು ಧಾಟಿ ಇರುತ್ತದೆ. ಮೇಲೆ ಹಾಡು ಒಂದು ಕಡೆ ಹೋಗುತ್ತಿದ್ದರೆ ಕೆಳಗೆ ಬೇಸ್ ಇನ್ನೊಂದು ರಾಗ ಹೇಳುತ್ತಿರುತ್ತದೆ.

ಮೊದಲು ಮೊಗಲ್ ಥ್ರ್ಯಾಶ್ ಅನ್ನೋ ಚಿಕ್ಕ ಬ್ಯಾಂಡ್. 1971ರಲ್ಲಿ ಫ್ಯಾಮಿಲಿ ಅನ್ನೋ ಬ್ಯಾಂಡ್. ಅಲ್ಲಿ ಎರಡು ಆಲ್ಬಮ್ ಮಾಡಿದರು, ಒಳ್ಳೇ ಹೆಸರೂ ಬಂತು. ಆದರೆ ಅಲ್ಲಿನ ಮುಖ್ಯ ಹಾಡುಗಾರ ರೋಜರ್ ಚ್ಯಾಪ್ಮನ್. ಅಂಥ ಗಂಟಲಿನ ಪಕ್ಕ ಇನ್ನೊಬ್ಬರಿಗೆ ಎಷ್ಟು ಜಾಗ ಉಳಿಯುತ್ತದೆ ಹೇಳಿ? 1972ರಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಕಿಂಗ್ ಕ್ರಿಮ್ಸನ್ ಅನ್ನು ಹೊಸದಾಗಿ ಕಟ್ಟಲು ಹೊರಟಾಗ ವೆಟನ್ ಅವರನ್ನು ಕರೆದರು. ಫ್ರಿಪ್ ಕೂಡ ಅದೇ ಬೋರ್ನ್‌ಮತ್ ಕಡೆಯವರು, ಹಳೇ ಪರಿಚಯ. ಬೇಸ್ ಮತ್ತು ಹಾಡು ಎರಡೂ ವೆಟನ್ ಕೈಗೆ ಬಂದವು. ಆಗ ಅವರಿಗೆ 23 ವರ್ಷ.

ಕ್ರಿಮ್ಸನ್‌ನ ಆ ಎರಡು ವರ್ಷ ನನ್ನ ಮಟ್ಟಿಗೆ ರಾಕ್ ಬೇಸ್‌ನ ದೊಡ್ಡ ಕಾಲ. ಡ್ರಮ್ಸ್‌ನಲ್ಲಿ ಬಿಲ್ ಬ್ರೂಫರ್ಡ್. ಇಬ್ಬರೂ ಸೇರಿದರೆ ಸದ್ದು ಎಷ್ಟಿರುತ್ತಿತ್ತೆಂದರೆ ಡೇವಿಡ್ ಕ್ರಾಸ್ ಅವರ ಪಿಟೀಲು ವೇದಿಕೆ ಮೇಲೆ ಮುಳುಗಿಯೇ ಹೋಗುತ್ತಿತ್ತು. ಕ್ರಾಸ್ 1974ರಲ್ಲಿ ಬ್ಯಾಂಡಿನಿಂದ ಹೊರಬೀಳಲು ಇದೂ ಒಂದು ಕಾರಣ. ವೆಟನ್ ತಮ್ಮ ಫೆಂಡರ್ ಪ್ರಿಸಿಷನ್ ಬೇಸ್‌ಗೆ ಫಝ್, ವಾ ಅನ್ನೋ ಸದ್ದು ಬದಲಿಸುವ ಪೆಡಲ್ ಎಲ್ಲ ಹಾಕಿ ಗಿಟಾರ್‌ಗೆ ಸಮಸಮವಾಗಿ ನಿಲ್ಲಿಸಿದ್ದರು. ಬರೀ ಗಲಾಟೆ ಅಂದುಕೊಳ್ಳಬೇಡಿ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

'ಸ್ಟಾರ್‌ಲೆಸ್' ಹಾಡನ್ನು ಮಾತ್ರ ಕೂತು ಕೇಳಲೇಬೇಕು. ಇದರ ಧಾಟಿಯನ್ನು ವೆಟನ್ ಹಿಂದಿನ ಆಲ್ಬಮ್ಮಿಗೇ ತಂದಿದ್ದರು. ಫ್ರಿಪ್, ಬ್ರೂಫರ್ಡ್ ಇಬ್ಬರಿಗೂ ಹಿಡಿಸಲಿಲ್ಲ, ಪಕ್ಕಕ್ಕಿಟ್ಟರು. ಆಮೇಲೆ ಅದನ್ನೇ ಮತ್ತೆ ಎತ್ತಿಕೊಂಡು ಬೆಳೆಸಿದರು. 1974ರ 'ರೆಡ್' ಆಲ್ಬಮ್ಮಿನ ಕೊನೆಯಲ್ಲಿ ಅದು ಹನ್ನೆರಡು ನಿಮಿಷಕ್ಕೂ ಜಾಸ್ತಿ ಇದೆ. ಮೊದಲ ಭಾಗದಲ್ಲಿ ವೆಟನ್ ನಿಧಾನವಾಗಿ ಹಾಡುತ್ತಾರೆ. ಹಾಡು ಮುಗಿದ ಮೇಲೆ ಬೇಸ್ ಒಂದೇ ಸಾಲನ್ನು ಹಿಡಿದುಕೊಳ್ಳುತ್ತದೆ. ಅದು ಹದಿಮೂರರ ಲೆಕ್ಕ. ಖಂಡ ಛಾಪು, ಮಿಶ್ರ ಛಾಪು ಕೇಳಿ ರೂಢಿ ಇರುವ ನಮಗೆ ಐದು, ಏಳು ಹೊಸದಲ್ಲ. ಹದಿಮೂರಕ್ಕೆ ಮಾತ್ರ ಬೆರಳು ಮಡಚುತ್ತಾ ಹೋಗಬೇಕು. ಆ ಸಾಲನ್ನು ಕಟ್ಟಿದ್ದು ಡ್ರಮ್ಮರ್ ಬ್ರೂಫರ್ಡ್, ಅದಕ್ಕೆ ಜೀವ ಕೊಟ್ಟಿದ್ದು ವೆಟನ್ ಬೆರಳು. ಮೇಲೆ ಫ್ರಿಪ್ ಒಂದೇ ಸ್ವರವನ್ನು ಮೀಟುತ್ತಾ, ಸ್ವಲ್ಪಸ್ವಲ್ಪವೇ ಮೇಲಕ್ಕೆ ಹೋಗುತ್ತಾರೆ. ಬೇಸ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ, ಆದರೆ ಸುತ್ತಿನಿಂದ ಸುತ್ತಿಗೆ ಅದರ ಒತ್ತು ಏರುತ್ತಲೇ ಇರುತ್ತದೆ. ನೀವೇ ನುಡಿಸಿ ನೋಡಿದರೆ ಗೊತ್ತಾಗುತ್ತದೆ, ಕಷ್ಟ ಇರುವುದು ಬೆರಳಿನದ್ದಲ್ಲ, ತಾಳ್ಮೆಯದ್ದು. ಎರಡನೇ ಸುತ್ತಿಗೇ ಜೋರು ಮಾಡಿಬಿಡೋಣ ಅನ್ನಿಸುತ್ತದೆ. 25 ವರ್ಷದ ಹುಡುಗ ಅದನ್ನು ತಡೆದು ಹಿಡಿದಿದ್ದಾರೆ.

'ರೆಡ್' ಅಂಗಡಿಗೆ ಬರುವ ಹೊತ್ತಿಗೆ ಫ್ರಿಪ್ ಬ್ಯಾಂಡನ್ನೇ ನಿಲ್ಲಿಸಿಬಿಟ್ಟಿದ್ದರು. ಹಾಗಾಗಿ ಇಲ್ಲಿ ಬಿಟ್ಟು ಹೋದವರು ವೆಟನ್ ಅಲ್ಲ, ಬ್ಯಾಂಡೇ ಇಲ್ಲವಾಯಿತು. ಜನ ಈ ಭಾಗವನ್ನು ಮರೆತು 'ಎಲ್ಲೂ ನಿಲ್ಲಲಿಲ್ಲ' ಅನ್ನುತ್ತಾರೆ, ನನಗೆ ಬೇಜಾರಾಗುತ್ತದೆ.

ಆಮೇಲಿನದು ಹೊಟ್ಟೆಪಾಡಿನ ಕಾಲ. ರಾಕ್ಸಿ ಮ್ಯೂಸಿಕ್ ಬ್ಯಾಂಡಿನ ಜೊತೆ ಪ್ರವಾಸ ಹೋದರು, ಅದರ ಹಾಡುಗಾರ ಬ್ರಯನ್ ಫೆರಿಯ ಸ್ವಂತ ಆಲ್ಬಮ್‌ಗಳಲ್ಲಿ ನುಡಿಸಿದರು. 1975ರಲ್ಲಿ ಯೂರಾಯ ಹೀಪ್ ಸೇರಿ ಎರಡು ಆಲ್ಬಮ್ ಮಾಡಿದರು. ಎರಡೂ ಕಡೆ ಹಾಡಲು ಬೇರೆಯವರಿದ್ದರು. ಹೀಪ್ ಆಲ್ಬಮ್‌ಗಳನ್ನು ನಾನು ಪದೇ ಪದೇ ಕೇಳುವುದಿಲ್ಲ. ಬೇಸ್ ಅಚ್ಚುಕಟ್ಟಾಗಿದೆ, ಆದರೆ ಇವರೇ ಬೇಕು ಅನ್ನುವಂಥದ್ದು ಅಲ್ಲಿಲ್ಲ.

ಆದರೆ ಆ ಓಡಾಟ ದಂಡವಾಗಲಿಲ್ಲ. ರಾಕ್ಸಿಯಲ್ಲಿ ಕೀಬೋರ್ಡ್, ಪಿಟೀಲು ನುಡಿಸುತ್ತಿದ್ದ ಎಡ್ಡಿ ಜಾಬ್ಸನ್, ಕ್ರಿಮ್ಸನ್‌ನ ಬ್ರೂಫರ್ಡ್, ಗಿಟಾರ್‌ಗೆ ಅಲನ್ ಹೋಲ್ಡ್ಸ್‌ವರ್ತ್, ಇವರನ್ನೆಲ್ಲ ಸೇರಿಸಿಕೊಂಡು ಯು.ಕೆ. ಅನ್ನೋ ಬ್ಯಾಂಡ್ ಹುಟ್ಟಿತು. 1978ರ ಅವರ ಮೊದಲ ಆಲ್ಬಮ್ ಈಗಲೂ ಬೆರಗು ಹುಟ್ಟಿಸುತ್ತದೆ. ಒಳಗೆ ಮಾತ್ರ ಎಳೆದಾಟ. ಹೋಲ್ಡ್ಸ್‌ವರ್ತ್ ಮನಸ್ಸು ಜಾಝ್ ಕಡೆ, ವೆಟನ್ ಮನಸ್ಸು ಹಾಡಿನ ಕಡೆ. ಹೋಲ್ಡ್ಸ್‌ವರ್ತ್, ಬ್ರೂಫರ್ಡ್ ಹೋದರು. ಟೆರಿ ಬೋಜಿಯೊ ಡ್ರಮ್ಸ್‌ಗೆ ಬಂದು ಮೂವರೇ ಇನ್ನೊಂದು ಆಲ್ಬಮ್ ಮಾಡಿದರು. 1980ರಲ್ಲಿ ಅದೂ ಮುಗಿಯಿತು. ಜಾಬ್ಸನ್‌ಗೆ ಉದ್ದುದ್ದ ವಾದ್ಯಭಾಗ ಬೇಕು, ವೆಟನ್‌ಗೆ ಚಿಕ್ಕ ಹಾಡು ಬೇಕು. ಜಗಳ ಅಂತ ನೋಡುವುದಕ್ಕಿಂತ ಇಬ್ಬರಿಗೂ ತಮ್ಮ ದಾರಿ ಸ್ಪಷ್ಟವಾಗಿತ್ತು ಅನ್ನುವುದೇ ಸರಿ.

ನಡುವೆ ವಿಶ್‌ಬೋನ್ ಆ್ಯಶ್ ಬ್ಯಾಂಡಿನ ಜೊತೆ ಒಂದು ಆಲ್ಬಮ್. ಆಮೇಲೆ ಏಷ್ಯಾ: ಗಿಟಾರ್‌ಗೆ ಯೆಸ್ ಬ್ಯಾಂಡಿನ ಸ್ಟೀವ್ ಹೌ, ಕೀಬೋರ್ಡ್‌ಗೆ ಅಲ್ಲೇ ಇದ್ದು ಬಂದ ಜೆಫ್ ಡೌನ್ಸ್, ಡ್ರಮ್ಸ್‌ಗೆ ಎಮರ್ಸನ್ ಲೇಕ್ ಪಾಮರ್ ಬ್ಯಾಂಡಿನ ಕಾರ್ಲ್ ಪಾಮರ್, ಜೊತೆಗೆ ವೆಟನ್. 1982ರ ಮೊದಲ ಆಲ್ಬಮ್ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ವೆಟನ್ ಮತ್ತು ಡೌನ್ಸ್ ಬರೆದ 'ಹೀಟ್ ಆಫ್ ದ ಮೊಮೆಂಟ್' ಅಲ್ಲಿ ನಾಲ್ಕನೇ ಸ್ಥಾನದವರೆಗೂ ಏರಿತು. ವಿಮರ್ಶಕರು ಮೂಗು ಮುರಿದರು, ಇಷ್ಟು ದೊಡ್ಡ ಕಲಾವಿದರು ರೇಡಿಯೋ ಹಾಡು ಮಾಡೋದಾ ಅಂತ. ನಾನು ಒಪ್ಪುವುದಿಲ್ಲ. ಹತ್ತು ವರ್ಷದಿಂದ ಅವರು ಹುಡುಕುತ್ತಿದ್ದದ್ದೇ ಇದನ್ನು. ಆ ಹಾಡಿನಲ್ಲಿ ಬೇಸ್ ಹಿಂದೆ ಸರಿದು ಗಂಟಲಿಗೆ ಜಾಗ ಬಿಡುತ್ತದೆ. ಬೇಕೆಂದೇ ಹಾಗೆ ಮಾಡಿದ್ದು.

ಅಲ್ಲಿಯೂ ನೆಮ್ಮದಿ ಉಳಿಯಲಿಲ್ಲ. ಎರಡನೇ ಆಲ್ಬಮ್ ಮೊದಲಿನಷ್ಟು ಮಾರಾಟವಾಗಲಿಲ್ಲ, 1983ರಲ್ಲಿ ವೆಟನ್ ಹೊರಗೆ. ಟೋಕಿಯೊದ ಬುಡೋಕಾನ್ ಸಭಾಂಗಣದಿಂದ ಅಮೆರಿಕದ ಸಂಗೀತ ಚಾನೆಲ್ ಎಂಟಿವಿಗೆ ಉಪಗ್ರಹದ ಮೂಲಕ ಪ್ರಸಾರವಾದ ದೊಡ್ಡ ಕಾರ್ಯಕ್ರಮಕ್ಕೆ ಅವರ ಬದಲು ಗ್ರೆಗ್ ಲೇಕ್ ಬಂದರು. ಲೇಕ್ ಏನು ಸಾಮಾನ್ಯರಲ್ಲ, ಕಿಂಗ್ ಕ್ರಿಮ್ಸನ್‌ನ ಮೊಟ್ಟಮೊದಲ ಬೇಸಿಸ್ಟ್ ಮತ್ತು ಹಾಡುಗಾರ. ಆದರೂ ಅವರ ಧ್ವನಿಗೆ ಹೊಂದಲಿ ಅಂತ ಕೆಲವು ಹಾಡುಗಳ ಶ್ರುತಿ ಇಳಿಸಬೇಕಾಯಿತು. ಬೇಸ್‌ಗೆ ಬದಲಿ ಸಿಕ್ಕಿತು, ಆ ಗಂಟಲಿಗೆ ಸಿಗಲಿಲ್ಲ. ಸ್ವಲ್ಪ ದಿನಕ್ಕೇ ವೆಟನ್ ಅವರನ್ನು ವಾಪಸ್ ಕರೆಸಿದರು.

ಮುಂದೆ ಕುಡಿತ ಅವರನ್ನು ತುಂಬ ಕಾಡಿತು. ಅದನ್ನು ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಅದರಿಂದ ಹೊರಗೆ ಬಂದರು. 2006ರಲ್ಲಿ ಏಷ್ಯಾದ ಮೂಲ ನಾಲ್ವರೂ ಮತ್ತೆ ಒಂದಾದರು. 2007ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು, ಮರುವರ್ಷವೇ ಹೊಸ ಆಲ್ಬಮ್ ಬಂತು. 2017ರ ಜನವರಿ 31ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 67. ಗ್ರೆಗ್ ಲೇಕ್ ಹೋಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದಿರಲ್ಲ, 'ರೆಡ್' ಆಲ್ಬಮ್ಮಿನಿಂದ ಮಾಡಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ಆಮೇಲೆ ಯು.ಕೆ.ಯ ಮೊದಲ ಆಲ್ಬಮ್, ಕೊನೆಗೆ ಏಷ್ಯಾದ ಮೊದಲ ಆಲ್ಬಮ್. ಈ ಮೂರನ್ನು ಇದೇ ಸಾಲಿನಲ್ಲಿ ಕೇಳಿದರೆ ಹಾಡುಗಳು ಚಿಕ್ಕದಾಗುತ್ತಾ, ಧ್ವನಿ ಮುಂದೆ ಬರುತ್ತಾ ಹೋಗುವುದು ನಿಮಗೇ ಗೊತ್ತಾಗುತ್ತದೆ. ಇಷ್ಟವಾದರೆ ಹಿಂದಕ್ಕೆ ಹೋಗಿ ಫ್ಯಾಮಿಲಿ ಕೇಳಿ. ಹೀಪ್‌ಗೆ ಅವಸರ ಏನಿಲ್ಲ.