ರಾಜ್ಯಶಾಸ್ತ್ರದವರಿಗೆ ಅಂಕಿಸಂಖ್ಯೆಗಳದ್ದೇ ಒಂದು ಸಂಘ ಏಕೆ?

ಮತದಾನ, ಪಕ್ಷ, ಸಂವಿಧಾನ ಎಂದು ಓದುವವರಿಗೆ ಪ್ರತ್ಯೇಕ ವಿಧಾನಶಾಸ್ತ್ರದ (ಅಂದರೆ ಅಧ್ಯಯನವನ್ನು ಹೇಗೆ ಮಾಡಬೇಕು ಎಂಬುದರ) ಸಂಘ ಬೇಕೇ, ಸಂಖ್ಯಾಶಾಸ್ತ್ರಜ್ಞರಿಂದ ಸೂತ್ರ ಎರವಲು ತಂದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು.

ಮತ ಗುಪ್ತವಾದದ್ದು. ಸಂಶೋಧಕರಿಗೆ ಅಧಿಕೃತವಾಗಿ ಸಿಗುವುದು ಒಟ್ಟು ಲೆಕ್ಕ ಮಾತ್ರ. ಬಡವರು ಹೆಚ್ಚಿರುವ ಪ್ರದೇಶದಲ್ಲಿ ಒಂದು ಪಕ್ಷಕ್ಕೆ ಹೆಚ್ಚು ಮತ ಬಿದ್ದರೆ, ಹಾಕಿದವರು ಬಡವರೇ ಎಂದು ಹೇಳುವಂತಿಲ್ಲ; ಅಲ್ಲಿನ ಉಳ್ಳವರೇ ಒಟ್ಟಾಗಿ ಹೋಗಿ ಹಾಕಿರಬಹುದು. ಗುಂಪಿನ ಅಂಕಿಯಿಂದ ವ್ಯಕ್ತಿಯ ನಡವಳಿಕೆ ಊಹಿಸುವ ಈ ಎಡವಟ್ಟನ್ನು ಸಮಾಜಶಾಸ್ತ್ರಜ್ಞ ವಿಲಿಯಂ ರಾಬಿನ್ಸನ್ 1950ರಲ್ಲೇ ಅಮೆರಿಕದ ಜನಗಣತಿಯ ಲೆಕ್ಕ ಹಿಡಿದು ತೋರಿಸಿದ್ದರು. ಆದರೂ ಚುನಾವಣೆ ಮುಗಿದ ಮರುದಿನ ಬರುವ ವಿಶ್ಲೇಷಣೆಗಳಲ್ಲಿ ಅದು ತಪ್ಪದೆ ಹಾಜರಾಗುತ್ತದೆ!

ಇಂಥ ಗಂಟುಗಳನ್ನು ಬಿಡಿಸಲೆಂದೇ 1980ರ ದಶಕದಲ್ಲಿ ಅಮೆರಿಕದಲ್ಲಿ ‘ಸೊಸೈಟಿ ಫಾರ್ ಪೊಲಿಟಿಕಲ್ ಮೆಥಡಾಲಜಿ’ ಹುಟ್ಟಿತು. ಪ್ರತಿ ಬೇಸಿಗೆಯಲ್ಲಿ ಸಮ್ಮೇಳನ, ‘ಪೊಲಿಟಿಕಲ್ ಅನಾಲಿಸಿಸ್’ ಎಂಬ ನಿಯತಕಾಲಿಕೆ, ಒಂದಷ್ಟು ಪ್ರಶಸ್ತಿಗಳು. ಹೊರನೋಟಕ್ಕೆ ಎಲ್ಲ ವಿದ್ವತ್ ಸಂಘಗಳಂತೆಯೇ. ಪ್ರಶಸ್ತಿಗಳಲ್ಲಿ ಒಂದು ಹೆರಾಲ್ಡ್ ಗಾಸ್ನೆಲ್ ಹೆಸರಿನಲ್ಲಿದೆ. 1924ರಲ್ಲಿ ಷಿಕಾಗೋದಲ್ಲಿ ಕೆಲವು ಮತದಾರರಿಗೆ ಅಂಚೆಯಲ್ಲಿ ನೆನಪೋಲೆ ಕಳಿಸಿ, ಉಳಿದವರಿಗೆ ಕಳಿಸದೆ ಬಿಟ್ಟು, ಯಾರು ಹೆಚ್ಚಾಗಿ ಮತ ಹಾಕಿದರು ಎಂದು ಎಣಿಸಿದವರು ಅವರು. ಇಂದಿನ ಪ್ರಯೋಗಗಳ ಕಟ್ಟುನಿಟ್ಟು ಅದರಲ್ಲಿರಲಿಲ್ಲ, ನಿಜ. ಆದರೆ ಕಂಪ್ಯೂಟರ್ ಇಲ್ಲದ ಕಾಲದ ಆ ಸಾಹಸ ನನಗಂತೂ ಬಹಳ ಇಷ್ಟ.

ಸಂಘದ ನಿಯತಕಾಲಿಕೆಯಲ್ಲಿ ಪ್ರಬಂಧ ಪ್ರಕಟವಾಗಬೇಕಾದರೆ ಲೇಖಕರು ತಮ್ಮ ದತ್ತಾಂಶವನ್ನೂ ಲೆಕ್ಕಾಚಾರದ ಕೋಡ್ ಅನ್ನೂ ಇತರರ ಪರಿಶೀಲನೆಗೆ ಒದಗಿಸಬೇಕು. ನನ್ನ ದೃಷ್ಟಿಯಲ್ಲಿ, ಹೊಸ ಸೂತ್ರಗಳಿಗಿಂತ ಈ ನಿಯಮವೇ ಹೆಚ್ಚು ಉಪಕಾರ ಮಾಡಿದೆ.